ಓದಿದ್ದು ಬರೆಯುವ ಹೊತ್ತಿಗೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ದಿನಾ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿ ಬರುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 70ಕ್ಕೆ 31 ಬಂದಿದೆ. ಗಣಿತದಲ್ಲಿ ತೊಂದರೆಯಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತು ಓದುವುದು ರಸಾಯನಶಾಸ್ತ್ರವನ್ನೇ, ಆದರೂ ಬರೆಯಲು ಕೂತರೆ ಏನೂ ನೆನಪಿಗೆ ಬರುವುದಿಲ್ಲ. ನೇಮ್ಡ್ ರಿಯಾಕ್ಷನ್‌ಗಳನ್ನು, ಅಂದರೆ ಹೆಸರುಳ್ಳ ರಾಸಾಯನಿಕ ಕ್ರಿಯೆಗಳನ್ನು, ಎಷ್ಟು ಸಲ ಬಾಯಿಪಾಠ ಮಾಡಿದರೂ ಒಂದರ ಬದಲು ಇನ್ನೊಂದನ್ನು ಬರೆದು ಬರುತ್ತೇನೆ. ಲೆಕ್ಕಗಳನ್ನು ಬಿಟ್ಟು ಉಳಿದದ್ದನ್ನು ಓದು ಎಂದು ಸೀನಿಯರ್ ಅಕ್ಕ ಹೇಳುತ್ತಾರೆ. ಅವರು ಕೊಟ್ಟ ಗೈಡ್‌ನಲ್ಲಿರುವ ಕೆಲವು ಅಧ್ಯಾಯಗಳು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನ್ನೂ ಓದಬೇಕೇ? ಇನ್ನು ಆರು ವಾರವಿದೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನಿನ್ನನ್ನು ಏಕವಚನದಲ್ಲೇ ಮಾತಾಡಿಸುತ್ತೇನೆ. ವರ್ಷಗಟ್ಟಲೆ ಪಿಯು ಮಕ್ಕಳಿಗೆ ಪಾಠ ಹೇಳಿದ ಬಾಯಿಗೆ ಬಹುವಚನ ಸುಲಭವಾಗಿ ಬರುವುದಿಲ್ಲ.

ಮೊದಲು ಗೈಡ್ ವಿಷಯ ಮುಗಿಸಿಬಿಡೋಣ, ಅದಕ್ಕೆ ಉತ್ತರ ಚಿಕ್ಕದು. 2023–24ರಿಂದ ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಹತ್ತೇ ಅಧ್ಯಾಯಗಳು. ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಲೋಹ ತೆಗೆಯುವ ವಿಧಾನಗಳು, ಪಿ-ಬ್ಲಾಕ್, ಪಾಲಿಮರ್, ದಿನನಿತ್ಯದ ರಸಾಯನಶಾಸ್ತ್ರ, ಇವೆಲ್ಲ ಹೊರಗೆ ಹೋಗಿವೆ. ಅಕ್ಕನ ಗೈಡ್ ಅದಕ್ಕೂ ಹಿಂದಿನದು ಇರಬೇಕು. ಅವರಿಗೆ ಧನ್ಯವಾದ ಹೇಳಿ ವಾಪಸು ಕೊಡು. ಅಮೋನಿಯಾ ತಯಾರಿಕೆಯ ಚಿತ್ರವನ್ನು ಅಚ್ಚುಕಟ್ಟಾಗಿ ಅಭ್ಯಾಸ ಮಾಡಿಕೊಂಡು ಬಂದು, ಪ್ರಶ್ನೆಪತ್ರಿಕೆಯಲ್ಲಿ ಅದು ಕಾಣದೆ ಪೆಚ್ಚಾದ ಹುಡುಗನೊಬ್ಬನನ್ನು ನಾನೇ ನೋಡಿದ್ದೇನೆ. ನಿನ್ನ ಕೈಯಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕ, ಕಾಲೇಜಿನಲ್ಲಿ ಬರೆಸಿದ ನೋಟ್ಸ್, ಪರೀಕ್ಷಾ ಮಂಡಳಿ ಬಿಡುಗಡೆ ಮಾಡಿದ ಮಾದರಿ ಪ್ರಶ್ನೆಪತ್ರಿಕೆಗಳು, ಇಷ್ಟು ಸಾಕು.

ಇನ್ನು ಆ 31ರ ಮಾತು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ನಿನ್ನ ಬಳಿ ಇದೆಯಲ್ಲ? ಅಂಕ ನೋಡಿ ಬೇಜಾರಾಗಿ ಮಡಚಿಟ್ಟಿರುತ್ತೀಯ. ಹೊರಗೆ ತೆಗೆ. ಮೂರು ಬಣ್ಣದ ಪೆನ್ನು ಹಿಡಿದು ಕೂತುಕೋ. ಹೋದ 39 ಅಂಕಗಳಲ್ಲಿ ಏನೇನೂ ಗೊತ್ತಿಲ್ಲದೆ ಹೋದವಕ್ಕೆ ಕೆಂಪು. ಪುಸ್ತಕ ತೆರೆದ ಕೂಡಲೇ 'ಅಯ್ಯೋ, ಇದು ಗೊತ್ತಿತ್ತು' ಅನ್ನಿಸುವವಕ್ಕೆ ನೀಲಿ. ಗೊತ್ತಿದ್ದು, ಬರೆದೂ, ಅರ್ಧ ಅಂಕ ಒಂದು ಅಂಕ ಎಂದು ಸೋರಿಹೋದವಕ್ಕೆ ಹಸಿರು: ಏಕಮಾನ ಬರೆಯದಿರುವುದು, ಸಮೀಕರಣ ಸರಿದೂಗಿಸದಿರುವುದು, ಬಾಣದ ಮೇಲೆ ಉಷ್ಣತೆ ಹಾಕದಿರುವುದು, ಚಿತ್ರಕ್ಕೆ ಹೆಸರು ಗುರುತಿಸದಿರುವುದು. ನನ್ನ ಅನುಭವದಲ್ಲಿ ಮಕ್ಕಳು ಎಲ್ಲವೂ ಕೆಂಪೇ ಇರುತ್ತದೆಂದು ಹೆದರಿ ಕೂರುತ್ತಾರೆ, ಎಣಿಸಿದ ಮೇಲೆ ನೀಲಿಯೂ ಹಸಿರೂ ಸೇರಿ ಕೆಂಪನ್ನು ಮೀರಿಸಿರುತ್ತವೆ. ನಿನ್ನ ಪತ್ರದ ಧಾಟಿ ನೋಡಿದರೆ ನಿನ್ನದು ನೀಲಿಯ ಕಾಯಿಲೆ.

ನೀಲಿಯ ಕಾಯಿಲೆಗೆ ಕಾರಣ ಮರೆವು ಎಂದುಕೊಂಡಿದ್ದೀಯ. ನಾನು ಹಾಗೆ ತಿಳಿಯುವುದಿಲ್ಲ. ದಿನಕ್ಕೆ ಎರಡು ಗಂಟೆ ಪುಸ್ತಕವನ್ನು ಕಣ್ಣೆದುರು ತೆರೆದಿಟ್ಟುಕೊಂಡು, ಕೆಳಗೆ ಗೆರೆ ಎಳೆಯುತ್ತ, ಮತ್ತೆ ಮತ್ತೆ ಓದಿದರೆ ಆ ಪುಟ ಪರಿಚಯವಾಗುತ್ತದೆ. ದಿನಾ ಬಸ್ಸಿನಲ್ಲಿ ಕಾಣುವ ಮುಖದ ಹಾಗೆ. ಎದುರಿಗೆ ಬಂದರೆ ಗುರುತು ಹಿಡಿಯುತ್ತೀಯ, ಆದರೆ ಮನೆಯಲ್ಲಿ ಕೂತು ಆ ಮುಖವನ್ನು ಬರೆದು ತೋರಿಸು ಎಂದರೆ ಕೈ ಓಡುವುದಿಲ್ಲ. ಪರೀಕ್ಷೆ ಕೇಳುವುದು ಬರೆದು ತೋರಿಸುವುದನ್ನೇ. ಒಳಗೆ ತುಂಬುವ ಅಭ್ಯಾಸ ನಿನಗೆ ಚೆನ್ನಾಗಿ ಆಗಿದೆ, ಹೊರಗೆ ತೆಗೆಯುವ ಅಭ್ಯಾಸ ಒಂದು ಸಲವೂ ಆಗಿಲ್ಲ. ಅದನ್ನು ಮೊದಲ ಬಾರಿಗೆ ಮಾಡಿದ್ದೇ ಪೂರ್ವಸಿದ್ಧತಾ ಪರೀಕ್ಷೆಯ ಕೊಠಡಿಯಲ್ಲಿ. ಗಣಿತದಲ್ಲಿ ನಿನಗೆ ತೊಂದರೆಯಿಲ್ಲ ಎಂದೆಯಲ್ಲ, ಯಾಕೆ ಗೊತ್ತೇ? ಗಣಿತವನ್ನು ಯಾರೂ ಓದುವುದಿಲ್ಲ, ಮಾಡುತ್ತಾರೆ. ರಸಾಯನಶಾಸ್ತ್ರವನ್ನೂ ಅದೇ ಕೈಯಿಂದ ಮಾಡು.

ಮಾಡುವ ಕ್ರಮ ಸರಳ. ಬಸ್ಸಿನಲ್ಲಿ ಹೋಗಿಬರುವ ಹೊತ್ತು ಓದುವುದಕ್ಕೆ ಇರಲಿ, ಅಲ್ಲಿ ಬೇರೇನೂ ಮಾಡಲಾಗದು. ಸಂಜೆ ಮನೆಗೆ ಬಂದು ಚಹಾ ಕುಡಿದ ಮೇಲೆ ಪುಸ್ತಕ ಚೀಲದಿಂದ ಹೊರಗೆ ಬರಕೂಡದು. ಒಂದು ಬಿಳಿ ಹಾಳೆ ತೆಗೆದು, ಬೆಳಿಗ್ಗೆ ಓದಿದ ಭಾಗದಿಂದ ನೆನಪಿಗೆ ಬಂದಷ್ಟನ್ನು ಬರೆ. ಮೊದಲ ದಿನ ಆರು ಸಾಲು ಬಂದರೆ ಹೆಚ್ಚು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಅದೇ ಹಾಳೆಯಲ್ಲಿ ಸೇರಿಸು. ಎರಡು ದಿನ ಬಿಟ್ಟು ಅದೇ ಭಾಗವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆ. ಕೆಂಪು ಶಾಯಿ ಕಡಿಮೆಯಾಗುತ್ತ ಬರುವುದು ಕಣ್ಣಿಗೇ ಕಾಣುತ್ತದೆ. ಇದು ಓದುವುದಕ್ಕಿಂತ ಬೇಸರದ ಕೆಲಸ, ಏನೂ ಬರುವುದಿಲ್ಲ ಎಂದು ಅಳು ಬರುವುದೂ ಉಂಟು. ಆ ಅಳು ಈ ಆರು ವಾರಗಳಲ್ಲೇ ಬಂದು ಹೋಗಲಿ.

ಲೆಕ್ಕ ಬಿಡು ಎಂದ ಅಕ್ಕನ ಸಲಹೆಯನ್ನು ಮಾತ್ರ ಖಂಡಿತ ಕೇಳಬೇಡ. ಈಚಿನ ಪ್ರಶ್ನೆಪತ್ರಿಕೆಗಳಲ್ಲಿ ಲೆಕ್ಕಗಳಿಗೇ ಒಂದು ಪ್ರತ್ಯೇಕ ಭಾಗವಿದೆ. ಅವೆಲ್ಲ ಬರುವುದು ಮೂರೇ ಅಧ್ಯಾಯಗಳಿಂದ: ದ್ರಾವಣಗಳು, ವಿದ್ಯುತ್ ರಸಾಯನಶಾಸ್ತ್ರ, ರಾಸಾಯನಿಕ ಚಲನಶಾಸ್ತ್ರ. ಗಣಿತ ಬರುವ ಹುಡುಗಿ ಈ ಅಂಕಗಳನ್ನು ಬಿಟ್ಟು ಬರುವುದೆಂದರೆ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ. ಅದೂ ಅಲ್ಲದೆ ಸೂತ್ರಕ್ಕೆ ಇಷ್ಟು, ಬೆಲೆಗಳನ್ನು ಹಾಕಿದ್ದಕ್ಕೆ ಇಷ್ಟು, ಏಕಮಾನದ ಸಮೇತ ಉತ್ತರಕ್ಕೆ ಇಷ್ಟು ಎಂದು ಮೌಲ್ಯಮಾಪಕರ ಕೈಯಲ್ಲಿ ಹಂಚಿಕೆ ಇರುತ್ತದೆ. ಕೊನೆಯ ಗುಣಾಕಾರ ತಪ್ಪಿದರೂ ಮೇಲಿನ ಹಂತಗಳ ಅಂಕ ಎಲ್ಲಿಗೂ ಹೋಗುವುದಿಲ್ಲ. ಉತ್ತರ ಮಾತ್ರ ಬರೆದು ಹಂತ ನುಂಗಿದವರಿಗೇ ನಷ್ಟ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಫಸ್ಟ್ ಆರ್ಡರ್ ಕ್ರಿಯೆಯೊಂದು 50 ನಿಮಿಷದಲ್ಲಿ ಶೇಕಡ 40ರಷ್ಟು ಮುಗಿಯುತ್ತದೆ. ದರ ಸ್ಥಿರಾಂಕ, ಅಂದರೆ ನಿನ್ನ ಪುಸ್ತಕದ ರೇಟ್ ಕಾನ್‌ಸ್ಟೆಂಟ್ ಎಷ್ಟು? ಅರ್ಧಾಯು, ಅಂದರೆ ಅರ್ಧ ಮುಗಿಯಲು ಬೇಕಾದ ಸಮಯ ಎಷ್ಟು? ಸೂತ್ರ ನಿನಗೆ ಗೊತ್ತು: 2.303ನ್ನು ಸಮಯದಿಂದ ಭಾಗಿಸಿ, ಆರಂಭದ ಸಾರತೆಯನ್ನು ಉಳಿದ ಸಾರತೆಯಿಂದ ಭಾಗಿಸಿದ್ದರ ಲಾಗ್‌ನಿಂದ ಗುಣಿಸಬೇಕು. ಇಲ್ಲಿ ತರಗತಿಯ ಅರ್ಧ ಮಕ್ಕಳು ಲಾಗ್ ಒಳಗೆ 100 ಭಾಗಿಸು 40 ಎಂದು ಹಾಕುತ್ತಾರೆ. ಪ್ರಶ್ನೆಯಲ್ಲಿ 40 ಕಂಡಿತು, 40 ಹಾಕಿದರು. ಆದರೆ 40 ಮುಗಿದು ಹೋದದ್ದು. ಸೂತ್ರ ಕೇಳುವುದು ಉಳಿದದ್ದನ್ನು, ಅದು 60. ಲಾಗ್ ಕೋಷ್ಟಕದಲ್ಲಿ 100 ಭಾಗಿಸು 60ಕ್ಕೆ ಸುಮಾರು 0.222 ಸಿಗುತ್ತದೆ. ದರ ಸ್ಥಿರಾಂಕ ನಿಮಿಷಕ್ಕೆ 0.0102, ಅರ್ಧಾಯು 0.693ನ್ನು ಅದರಿಂದ ಭಾಗಿಸಿದರೆ ಸುಮಾರು 68 ನಿಮಿಷ.

ಈಗ ಪೆನ್ನು ಕೆಳಗಿಟ್ಟು ಉತ್ತರವನ್ನು ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡು. 50 ನಿಮಿಷದಲ್ಲಿ 40 ಭಾಗ ಮುಗಿದಿದೆ, ಅರ್ಧ ಮುಗಿಯಲು 50ಕ್ಕಿಂತ ಹೆಚ್ಚೇ ಬೇಕು. 68 ಒಪ್ಪುವ ಮಾತು. 40 ಹಾಕಿದವರಿಗೆ ಅರ್ಧಾಯು ಸುಮಾರು 38 ನಿಮಿಷ ಬರುತ್ತದೆ. 38 ನಿಮಿಷಕ್ಕೆ ಅರ್ಧ ಮುಗಿದ ಕ್ರಿಯೆ 50 ನಿಮಿಷಕ್ಕೆ 40 ಭಾಗ ಮಾತ್ರ ಮುಗಿದಿರಲು ಹೇಗೆ ಸಾಧ್ಯ? ಹತ್ತು ಸೆಕೆಂಡಿನ ಈ ಪರಿಶೀಲನೆ ಮೂರು ಅಂಕ ಉಳಿಸುತ್ತದೆ. ಇದಕ್ಕೆ ಯಾವ ಬಾಯಿಪಾಠವೂ ಬೇಡ.

ಬೇರೆ ಲೆಕ್ಕಗಳಿಗೂ ಇಂಥದೇ ಒಂದೊಂದು ಒರೆಗಲ್ಲು ಇಟ್ಟುಕೋ. ಸತು ಮತ್ತು ತಾಮ್ರದಿಂದ ಮಾಡಿದ ಡೇನಿಯಲ್ ಕೋಶದ ಪ್ರಮಾಣಿತ ವಿಭವ 1.10 ವೋಲ್ಟ್. ಸತುವಿನ ಅಯಾನು 1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್ ಇದ್ದರೆ, ಕ್ರಿಯೆಗೆ ಬೇಕಾದ ತಾಮ್ರದ ಅಯಾನು ಕಡಿಮೆಯಿದೆ, ಹಾಗಾಗಿ ವಿಭವ 1.10ಕ್ಕಿಂತ ಇಳಿಯಬೇಕು. ನರ್ನ್‌ಸ್ಟ್ ಸಮೀಕರಣ ಕೊಡುವುದು 1.041. ನಿನಗೆ 1.159 ಬಂದಿದ್ದರೆ ಲಾಗ್ ಒಳಗಿನ ಭಿನ್ನರಾಶಿ ತಲೆಕೆಳಗಾಗಿದೆ. ದ್ರಾವಣದ ಅಧ್ಯಾಯದಲ್ಲಿ 18 ಗ್ರಾಂ ಗ್ಲೂಕೋಸ್ ಒಂದು ಕಿಲೋ ನೀರಿಗೆ ಬಿದ್ದರೆ ಕುದಿಬಿಂದು ಏರುವುದು 0.052 ಡಿಗ್ರಿಯಷ್ಟೇ. 52 ಎಂದು ಬಂದರೆ ಗ್ರಾಮಿಗೂ ಕಿಲೋಗೂ ಗಲಿಬಿಲಿಯಾಗಿದೆ. ಒಂದು ಚಿಟಿಕೆ ಸಕ್ಕರೆಗೆ ನೀರು 152 ಡಿಗ್ರಿಯಲ್ಲಿ ಕುದಿಯುವುದಿದ್ದರೆ ನಮ್ಮ ಚಹಾ ಅಂಗಡಿಗಳು ಯಾವಾಗಲೋ ಮುಚ್ಚುತ್ತಿದ್ದವು. ಉಪ್ಪಿನ ಪ್ರಶ್ನೆ ಬಂದರೆ ವ್ಯಾಂಟ್ ಹಾಫ್ ಗುಣಕ, ಅಂದರೆ ಕರಗಿದಾಗ ಎಷ್ಟು ಕಣಗಳಾಗುತ್ತದೆ ಎಂಬ ಲೆಕ್ಕ, ಮರೆಯಬೇಡ: ಸಕ್ಕರೆ ನೀರಿಗೆ ಬಿದ್ದರೂ ಒಂದೇ ಆಗಿರುತ್ತದೆ, ಅಡುಗೆ ಉಪ್ಪು ಒಡೆದು ಎರಡಾಗುತ್ತದೆ, ಪೊಟ್ಯಾಶಿಯಂ ಸಲ್ಫೇಟ್ ಮೂರಾಗುತ್ತದೆ.

ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ, ಲಾಗ್ ಕೋಷ್ಟಕವೇ ಗತಿ. ಮೊಬೈಲಿನಲ್ಲಿ ಲಾಗ್ ಒತ್ತಿ ಅಭ್ಯಾಸ ಮಾಡಿದವರು ಪರೀಕ್ಷಾ ಕೊಠಡಿಯಲ್ಲಿ ಕೋಷ್ಟಕದ ಸಾಲು ಹುಡುಕುತ್ತ ಹತ್ತು ನಿಮಿಷ ಕಳೆಯುತ್ತಾರೆ. ಇವತ್ತಿನಿಂದ ಕೋಷ್ಟಕದಲ್ಲೇ ಮಾಡು.

ಸಾವಯವ ರಸಾಯನಶಾಸ್ತ್ರಕ್ಕೆ ಬರೋಣ, ನಿನ್ನ ಮುಖ್ಯ ಗೋಳು ಅಲ್ಲಿದೆ. ಹ್ಯಾಲೋಆಲ್ಕೇನ್‌ನಿಂದ ಅಮೈನ್‌ವರೆಗಿನ ನಾಲ್ಕು ಅಧ್ಯಾಯಗಳಲ್ಲಿ ಹೆಸರುಳ್ಳ ಕ್ರಿಯೆಗಳು ಸುಮಾರು ಇಪ್ಪತ್ತು. ನೀನು ಮಾಡುತ್ತಿರುವುದು ಇಪ್ಪತ್ತು ಹೆಸರು, ಇಪ್ಪತ್ತು ಸಮೀಕರಣ ಎಂದು ಜೋಡಿ ಹಾಕಿ ಉರು ಹೊಡೆಯುವುದು. ಹಾಗೆ ಮಾಡಿದರೆ ಜೋಡಿ ಅದಲುಬದಲಾಗುವುದು ಸಹಜ, ಒಂದೇ ಬಣ್ಣದ ಇಪ್ಪತ್ತು ಬೀಗಗಳಿಗೆ ಇಪ್ಪತ್ತು ಕೀಲಿ ಇದ್ದ ಹಾಗೆ. ಪ್ರತಿ ಕ್ರಿಯೆಯಲ್ಲಿ ಒಂದೇ ಪ್ರಶ್ನೆ ಕೇಳು: ಏನು ಹೋಯಿತು, ಅದರ ಜಾಗಕ್ಕೆ ಏನು ಬಂತು?

ಆಲ್ಡಾಲ್ ಮತ್ತು ಕ್ಯಾನಿಜಾರೊ ಕ್ರಿಯೆಗಳನ್ನು ಅದಲುಬದಲು ಮಾಡದ ಬ್ಯಾಚನ್ನು ನಾನು ಕಂಡಿಲ್ಲ. ಎರಡರಲ್ಲೂ ಆಲ್ಡಿಹೈಡ್, ಎರಡರಲ್ಲೂ ಕ್ಷಾರ. ವ್ಯತ್ಯಾಸ ಒಂದೇ ಒಂದು ಹೈಡ್ರೋಜನ್‌ನಲ್ಲಿದೆ. ಕಾರ್ಬೊನಿಲ್ ಗುಂಪಿನ ಪಕ್ಕದ ಕಾರ್ಬನ್ ಮೇಲೆ ಹೈಡ್ರೋಜನ್ ಇದ್ದರೆ, ಅದನ್ನೇ ಆಲ್ಫಾ ಹೈಡ್ರೋಜನ್ ಎನ್ನುವುದು, ಸಾರರಿಕ್ತ, ಅಂದರೆ ಡೈಲ್ಯೂಟ್ ಕ್ಷಾರ ಅದನ್ನು ಕಿತ್ತುಕೊಳ್ಳುತ್ತದೆ, ಎರಡು ಅಣುಗಳು ಕೂಡಿಕೊಳ್ಳುತ್ತವೆ. ಅದು ಆಲ್ಡಾಲ್. ಫಾರ್ಮಾಲ್ಡಿಹೈಡ್, ಬೆಂಜಾಲ್ಡಿಹೈಡ್‌ಗಳಲ್ಲಿ ಕಿತ್ತುಕೊಳ್ಳಲು ಆಲ್ಫಾ ಹೈಡ್ರೋಜನ್ ಇಲ್ಲ. ಸಾರೀಕೃತ ಕ್ಷಾರದ ಜೊತೆ ಕಾಸಿದಾಗ ಒಂದು ಅಣು ಆಲ್ಕೊಹಾಲ್ ಆಗಿ, ಇನ್ನೊಂದು ಆಮ್ಲದ ಲವಣವಾಗಿ ಬೇರೆ ದಾರಿ ಹಿಡಿಯುತ್ತವೆ. ಅದು ಕ್ಯಾನಿಜಾರೊ. ಅಣುವಿನ ರಚನೆ ಬರೆದು ಆಲ್ಫಾ ಹೈಡ್ರೋಜನ್ ಇದೆಯೇ ಎಂದು ಬೆರಳಿಟ್ಟು ನೋಡಿದರೆ ಹೆಸರು ತಾನಾಗಿ ಬರುತ್ತದೆ. ಹಾಫ್‌ಮನ್ ಬ್ರೋಮಮೈಡ್ ಕ್ರಿಯೆಯಲ್ಲಿ ಒಂದು ಕಾರ್ಬನ್ ಕಡಿಮೆಯಾಗುತ್ತದೆ, ಎಥನಮೈಡ್‌ನಿಂದ ಹೊರಟರೆ ಸಿಗುವುದು ಮೀಥನಮೈನ್. ಅಮೈನ್ ತಯಾರಿಸುವ ಗೇಬ್ರಿಯಲ್ ವಿಧಾನದಿಂದ ಅನಿಲೀನ್ ಏಕೆ ಮಾಡಲಾಗದು ಎಂದು ಕೇಳಿದರೆ, ಬೆಂಜೀನ್ ಉಂಗುರಕ್ಕೆ ಅಂಟಿದ ಹ್ಯಾಲೋಜನ್ ಅಷ್ಟು ಸುಲಭವಾಗಿ ಜಾಗ ಬಿಟ್ಟುಕೊಡುವುದಿಲ್ಲ ಎಂಬ ಹ್ಯಾಲೋಅರೀನ್ ಪಾಠವೇ ಇಲ್ಲಿ ಉತ್ತರ. ಒಂದು ಅಧ್ಯಾಯದಲ್ಲಿ ತಿಳಿದದ್ದು ಇನ್ನೊಂದರಲ್ಲಿ ಕೆಲಸಕ್ಕೆ ಬರುವಾಗ ಈ ವಿಷಯದ ರುಚಿ ಹತ್ತುತ್ತದೆ.

ಗೋಡೆಗೆ ತೂಗುಹಾಕಿದ ಹಳೆಯ ಕ್ಯಾಲೆಂಡರ್ ಇದ್ದರೆ ಅದರ ಹಿಂಬದಿಯ ಬಿಳಿ ಹಾಳೆಯಲ್ಲಿ ಒಂದು ನಕ್ಷೆ ಬರೆ. ಊರುಗಳ ಜಾಗದಲ್ಲಿ ಸಂಯುಕ್ತಗಳು, ರಸ್ತೆಗಳ ಜಾಗದಲ್ಲಿ ಬಾಣಗಳು, ಬಾಣದ ಮೇಲೆ ಕಾರಕ. ಬೆಂಜೀನ್ ಡಯಜೋನಿಯಂ ಕ್ಲೋರೈಡ್ ಆ ನಕ್ಷೆಯ ಹುಬ್ಬಳ್ಳಿ ಜಂಕ್ಷನ್: ಅನಿಲೀನ್‌ನಿಂದ 273ರಿಂದ 278 ಕೆಲ್ವಿನ್ ಚಳಿಯಲ್ಲಿ ಅಲ್ಲಿಗೆ ಬಂದರೆ ಕ್ಲೋರೋಬೆಂಜೀನ್, ಬ್ರೋಮೋಬೆಂಜೀನ್, ಅಯೋಡೋಬೆಂಜೀನ್, ಫೀನಾಲ್, ಬರಿಯ ಬೆಂಜೀನ್, ಬಣ್ಣದ ಅಜೋ ಸಂಯುಕ್ತಗಳು, ಎಲ್ಲ ಕಡೆಗೂ ಗಾಡಿ ಇದೆ. ಪರಿವರ್ತನೆಯ ಪ್ರಶ್ನೆಗಳಿಗೆ, ಅಂದರೆ ಇದರಿಂದ ಅದನ್ನು ಹೇಗೆ ಪಡೆಯುತ್ತೀರಿ ಎಂಬವಕ್ಕೆ, ಈ ನಕ್ಷೆಯಂಥ ಗೈಡ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೇರೆಯವರ ನಕ್ಷೆಯ ಫೋಟೊ ತೆಗೆದುಕೊಂಡರೆ ಮಾತ್ರ ಪ್ರಯೋಜನವಿಲ್ಲ. ನೀನೇ ಬರೆಯಬೇಕು, ಎರಡು ಸಲ ಕೆಡಿಸಬೇಕು.

ಬಾಣದ ಮೇಲಿನ ಉಷ್ಣತೆಯನ್ನು ಅಲಂಕಾರ ಎಂದುಕೊಳ್ಳಬೇಡ. ಎಥನಾಲ್, ಸಾರೀಕೃತ ಸಲ್ಫ್ಯೂರಿಕ್ ಆಮ್ಲ, ಎರಡೂ ಅವೇ. 443 ಕೆಲ್ವಿನ್‌ನಲ್ಲಿ ಈಥೀನ್ ಸಿಗುತ್ತದೆ, 413ರಲ್ಲಿ ಈಥರ್. ಮೂವತ್ತು ಡಿಗ್ರಿಯ ವ್ಯತ್ಯಾಸಕ್ಕೆ ಪದಾರ್ಥವೇ ಬೇರೆ. ನಿನ್ನ ಅಮ್ಮನನ್ನು ಕೇಳು, ಅದೇ ಬೆಲ್ಲ, ಅದೇ ನೀರು, ಒಂದೆಳೆ ಪಾಕಕ್ಕೆ ಇಳಿಸಿದರೆ ಒಂದು ತಿಂಡಿ, ಉಂಡೆ ಪಾಕಕ್ಕೆ ಬಂದರೆ ಇನ್ನೊಂದು. ಪಾಕ ತಪ್ಪಿದರೆ ಅಡುಗೆಮನೆಯಲ್ಲಿ ಬೈಗುಳ, ಇಲ್ಲಿ ಅಂಕ ಕಡಿತ. ಫೀನಾಲ್ ಜೊತೆ ಬ್ರೋಮಿನ್ ನೀರು ಸೇರಿದರೆ ಮೂರು ಬ್ರೋಮಿನ್ ಹತ್ತಿದ ಬಿಳಿ ಒತ್ತರ ಬರುತ್ತದೆ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ಬ್ರೋಮಿನ್ ಆದರೆ ಒಂದೇ ಹತ್ತುತ್ತದೆ. ಬಾಣದ ಮೇಲೆ ಏನೂ ಬರೆಯದವರು ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಮೌಲ್ಯಮಾಪಕರಿಗೆ ಹೇಗೆ ತಿಳಿಯಬೇಕು?

ಉತ್ತರಪತ್ರಿಕೆ ತಿದ್ದುವವರ ಕಣ್ಣಿಗೆ ಚುಚ್ಚುವ ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಐದು ಬಂಧವಿರುವ ಕಾರ್ಬನ್. ಒಳಗೆ ವೃತ್ತವೂ ಇಲ್ಲದೆ ಜೋಡಿಬಂಧವೂ ಇಲ್ಲದೆ ಬರೆದ ಷಟ್ಕೋನ: ನೀನು ಬೆಂಜೀನ್ ಎಂದುಕೊಂಡು ಬರೆದರೂ ಅದು ಸೈಕ್ಲೋಹೆಕ್ಸೇನ್. ಇನ್ನು ಕ್ರಿಯಾವಿಧಾನ ಬರೆಯುವಾಗ ಹೈಡ್ರೋಜನ್ ಅಯಾನಿನಿಂದ ಹೊರಡುವ ಬಾಗಿದ ಬಾಣ. ಬಾಗಿದ ಬಾಣ ಎಂದರೆ ಎಲೆಕ್ಟ್ರಾನ್ ಜೋಡಿಯ ಪ್ರಯಾಣ. ಕೊಡಲು ಎಲೆಕ್ಟ್ರಾನೇ ಇಲ್ಲದ ಅಯಾನು ಬಾಣ ಬಿಡುವುದು ಬರಿಗೈಯವನು ದಾನಕ್ಕೆ ನಿಂತಂತೆ. ಬಾಣ ಆಕ್ಸಿಜನ್‌ನ ಒಂಟಿ ಜೋಡಿಯಿಂದಲೋ ಜೋಡಿಬಂಧದಿಂದಲೋ ಹೊರಡಲಿ. ಎಥನಾಲ್‌ನ ನಿರ್ಜಲೀಕರಣ, ಆಲ್ಕೀನ್‌ಗೆ ನೀರು ಸೇರುವುದು, ಎಸ್‌ಎನ್1, ಎಸ್‌ಎನ್2, ಇಷ್ಟನ್ನು ಹಾಳೆಯ ಮೇಲೆ ತಲಾ ಐದು ಸಲ ಬರೆದವರಿಗೆ ಕೈ ತಪ್ಪುವುದಿಲ್ಲ.

ಡಿ-ಬ್ಲಾಕ್ ಅಧ್ಯಾಯವನ್ನು ಮಕ್ಕಳು ಒಣ ಪಾಠ ಎಂದು ದೂರುತ್ತಾರೆ, ನನಗೆ ಅದು ಬಣ್ಣದ ಪಾಠ. ಪೊಟ್ಯಾಶಿಯಂ ಪರ್ಮಾಂಗನೇಟ್ ತಯಾರಿಕೆಯನ್ನು ಸಮೀಕರಣವಾಗಿ ನೆನಪಿಡುವ ಮೊದಲು ಬಣ್ಣವಾಗಿ ನೆನಪಿಡು: ಕಪ್ಪು ಮ್ಯಾಂಗನೀಸ್ ಡೈಆಕ್ಸೈಡನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಮತ್ತು ಉತ್ಕರ್ಷಣಕಾರಿಯ ಜೊತೆ ಕರಗಿಸಿದಾಗ ಕಡುಹಸಿರು ಮ್ಯಾಂಗನೇಟ್, ಅದರಿಂದ ನೇರಳೆ ಪರ್ಮಾಂಗನೇಟ್. ಡೈಕ್ರೋಮೇಟ್ ಆದರೆ ಕ್ರೋಮೈಟ್ ಅದಿರಿನಿಂದ ಹಳದಿ ಸೋಡಿಯಂ ಕ್ರೋಮೇಟ್, ಆಮ್ಲ ಸೇರಿದಾಗ ಕಿತ್ತಳೆ ಡೈಕ್ರೋಮೇಟ್, ಕೊನೆಗೆ ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿ ಸೋಡಿಯಂ ಜಾಗಕ್ಕೆ ಪೊಟ್ಯಾಶಿಯಂ ತರುವುದು. ಈ ಅದಿರುಗಳು ಎಲ್ಲೋ ದೂರದವಲ್ಲ. ಮ್ಯಾಂಗನೀಸ್ ಸಂಡೂರಿನ ಗುಡ್ಡಗಳಲ್ಲಿದೆ, ಕ್ರೋಮೈಟ್ ಹಾಸನ ಜಿಲ್ಲೆಯ ಬೈರಾಪುರದಲ್ಲಿ. ಸಮನ್ವಯ ಸಂಯುಕ್ತಗಳಲ್ಲಿ ಹೆಸರಿಡುವ ನಿಯಮ ಒಂದು ಸಂಜೆಯ ಕೆಲಸ. ಅಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ನಿಕ್ಕಲ್‌ನ ಎರಡು ಸಂಕೀರ್ಣಗಳಿಗೆ. ಒಂದೇ ನಿಕ್ಕಲ್ ಅಯಾನಿಗೆ ನಾಲ್ಕು ಕ್ಲೋರೈಡ್ ಸೇರಿದರೆ ಚತುರ್ಮುಖಿ, ಆಯಸ್ಕಾಂತಕ್ಕೆ ಸೆಳೆಯಲ್ಪಡುತ್ತದೆ. ನಾಲ್ಕು ಸಯನೈಡ್ ಸೇರಿದರೆ ಸಮತಲ ಚೌಕ, ಸೆಳೆಯಲ್ಪಡುವುದಿಲ್ಲ. ಪ್ರಬಲ ಲಿಗ್ಯಾಂಡ್, ಅಂದರೆ ಲೋಹಕ್ಕೆ ಕೂಡಿಕೊಳ್ಳುವ ಸಯನೈಡ್‌ನಂಥ ಗುಂಪು, ಎಲೆಕ್ಟ್ರಾನ್‌ಗಳನ್ನು ಒತ್ತಾಯಿಸಿ ಜೋಡಿ ಮಾಡಿಸುತ್ತದೆ ಎಂಬ ಒಂದು ಮಾತು ಹಿಡಿದರೆ ಆ ಅಧ್ಯಾಯದ ಅರ್ಧ ಕೈಗೆ ಬಂತು.

ಜೈವಿಕ ಅಣುಗಳ ಅಧ್ಯಾಯ ಚಿಕ್ಕದು, ಸುಲಭ, ಎಲ್ಲರೂ ಕೊನೆಗೆ ಇಟ್ಟು ಓದದೇ ಹೋಗುವಂಥದು. ಗ್ಲೂಕೋಸ್‌ನ ನಾಲ್ಕೈದು ಕ್ರಿಯೆಗಳು ಅದರ ರಚನೆಯ ಬಗ್ಗೆ ಏನು ಹೇಳುತ್ತವೆ ಎಂಬುದನ್ನು ಜೋಡಿಸಿ ಕಲಿ: ಹೈಡ್ರೋಅಯೋಡಿಕ್ ಆಮ್ಲದಿಂದ ಹೆಕ್ಸೇನ್ ಬಂತು, ಅಂದರೆ ಆರು ಕಾರ್ಬನ್‌ಗಳು ನೇರ ಸಾಲಿನಲ್ಲಿವೆ, ಬ್ರೋಮಿನ್ ನೀರಿನಿಂದ ಗ್ಲುಕೋನಿಕ್ ಆಮ್ಲ ಬಂತು, ಅಂದರೆ ಆಲ್ಡಿಹೈಡ್ ಇದೆ. ಎರಡು ಸಂಜೆ ಸಾಕು.

ಭಾಷೆಯ ಭಯದ ಬಗ್ಗೆ ನೀನು ನೇರವಾಗಿ ಕೇಳಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂದು ಎರಡನೆಯ ವಾಕ್ಯದಲ್ಲೇ ಬರೆದಿದ್ದೀಯ, ಅಲ್ಲೇ ಅರ್ಥವಾಯಿತು. ಕಾರಣ ಕೊಡಿ ಎಂಬ ಪ್ರಶ್ನೆಗಳಿಗೆ ಇಂಗ್ಲಿಷ್ ಪುಸ್ತಕದ ವಾಕ್ಯಗಳನ್ನು ಇಡಿಯಾಗಿ ಉರು ಹೊಡೆಯುತ್ತಿರಬೇಕು, ನಡುವೆ ಒಂದು ಪದ ಜಾರಿದರೆ ಇಡೀ ವಾಕ್ಯವೇ ಕುಸಿಯುತ್ತದೆ. ಮೌಲ್ಯಮಾಪಕರು ಹುಡುಕುವುದು ವಾಕ್ಯದಲ್ಲಿ ಭಾರ ಹೊತ್ತ ಎರಡು ಮೂರು ಪದಗಳನ್ನು. ಸತು ಏಕೆ ಸಂಕ್ರಮಣ ಧಾತುವಲ್ಲ? ಡಿ ಕಕ್ಷಕ ಪೂರ್ತಿ ತುಂಬಿದೆ, ಧಾತುವಿನಲ್ಲೂ ಅದರ ಅಯಾನಿನಲ್ಲೂ. ಅಷ್ಟು ಬಂದರೆ ಸರಿ. ಕ್ರಿಯಾಪದ ತಪ್ಪಿದ್ದಕ್ಕೆ ರಸಾಯನಶಾಸ್ತ್ರದಲ್ಲಿ ಅಂಕ ಕತ್ತರಿಸುವುದಿಲ್ಲ. ಮೊದಲು ಕಾರಣವನ್ನು ಕನ್ನಡದಲ್ಲಿ ಯಾರಿಗಾದರೂ ಹೇಳು. ತಮ್ಮ ಇದ್ದರೆ ತಮ್ಮನಿಗೆ, ಇಲ್ಲದಿದ್ದರೆ ರೊಟ್ಟಿ ಬಡಿಯುತ್ತಿರುವ ಅಮ್ಮನಿಗೆ. ಮಾವಿನಕಾಯಿ ಹೋಳು ಉಪ್ಪಿನಲ್ಲಿ ಏಕೆ ಸುಕ್ಕುಗಟ್ಟುತ್ತದೆ ಎಂದು ಅಮ್ಮನಿಗೆ ಅರ್ಥವಾಗುವಂತೆ ಹೇಳಬಲ್ಲೆಯಾದರೆ ಆಸ್ಮಾಸಿಸ್ ನಿನಗೆ ಬಂದಿದೆ. ಗೋಲಿ ಸೋಡಾ ಒಡೆದಾಗ ಅನಿಲ ನುಗ್ಗಿ ಬರುವುದನ್ನು ವಿವರಿಸಿದರೆ ಹೆನ್ರಿಯ ನಿಯಮ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಎರಡು ಗಿಡ್ಡ ವಾಕ್ಯವಾಗಿ ಬರೆ.

ಪ್ರಾಯೋಗಿಕ ಪರೀಕ್ಷೆ ಲಿಖಿತ ಪರೀಕ್ಷೆಗೆ ಮೊದಲೇ ಬರುತ್ತದೆ, ಅದಕ್ಕೆ 30 ಅಂಕ. ಪರ್ಮಾಂಗನೇಟ್ ಅನುಮಾಪನೆಯಲ್ಲಿ, ಅಂದರೆ ಟೈಟ್ರೇಷನ್‌ನಲ್ಲಿ, ದ್ರಾವಣ ಕಡುನೇರಳೆಯಾದ್ದರಿಂದ ಬ್ಯೂರೆಟ್ಟಿನಲ್ಲಿ ಕೆಳಗಿನ ವಕ್ರರೇಖೆ ಕಾಣುವುದಿಲ್ಲ, ಮೇಲಿನ ಅಂಚನ್ನೇ ಓದಬೇಕು. ಆಕ್ಸಾಲಿಕ್ ಆಮ್ಲವಾದರೆ 60ರಿಂದ 70 ಡಿಗ್ರಿಗೆ ಬಿಸಿ ಮಾಡು, ಇಲ್ಲದಿದ್ದರೆ ಮೊದಲ ಹನಿಗಳ ಬಣ್ಣ ಬೇಗ ಮಾಯವಾಗದೆ, ಮುಗಿಯಿತೆಂದು ಮೋಸ ಹೋಗುತ್ತೀಯ. ಮೋಹರ್ ಲವಣಕ್ಕೆ ಬಿಸಿ ಬೇಡ. ಫ್ಲಾಸ್ಕಿನಲ್ಲಿ ಕಂದು ರಾಡಿ ಕಂಡರೆ ಸಲ್ಫ್ಯೂರಿಕ್ ಆಮ್ಲ ಸಾಲದಾಗಿದೆ, ಆ ಸಲದ ಅಳತೆ ಬಿಟ್ಟು ಹೊಸದಾಗಿ ಶುರು ಮಾಡು. ಪಕ್ಕದವರ ಅಳತೆ ನೋಡಿ ನಿನ್ನದನ್ನು ತಿದ್ದಬೇಡ, ಅವರ ದ್ರಾವಣದ ಸಾರತೆ ಬೇರೆ ಇರಬಹುದು.

ಸಿಇಟಿಗೆ ಬೇರೆ ಓದಬೇಕೇ ಎಂದು ನಿನ್ನ ಮನೆಯಲ್ಲಿ ಕೇಳುತ್ತಿರಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳೂ ಅರ್ಧ ಪಾಲು ಸೇರುತ್ತವೆ. ಹಾಗಾಗಿ ಈ ಆರು ವಾರ ಬೋರ್ಡ್ ಪರೀಕ್ಷೆಗೆ ಓದಿದ್ದು ಅಲ್ಲಿಗೂ ಓದಿದ್ದೇ. ಒಂದು ಅಂಕದ ಬಹುಆಯ್ಕೆ ಪ್ರಶ್ನೆಗಳು ಎರಡೂ ಕಡೆ ಪಠ್ಯದ ಒಳಸಾಲುಗಳಿಂದಲೇ ಬರುತ್ತವೆ. ಭಾಗ ಎ ವಿಷಯದಲ್ಲಿ ಒಂದು ಎಚ್ಚರ: ಮೊದಲು ಬರೆದ ಉತ್ತರವನ್ನಷ್ಟೇ ಪರಿಗಣಿಸುತ್ತಾರೆಂದು ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ. ಅನುಮಾನವಿದ್ದರೆ ಪ್ರಶ್ನೆಪತ್ರಿಕೆಯ ಮೇಲೆ ಸಣ್ಣ ಚುಕ್ಕೆ ಇಡು, ಉತ್ತರಪತ್ರಿಕೆಯಲ್ಲಿ ಒಂದೇ ಸಲ ಬರೆ. ಎರಡು ಕಡೆ ಬರೆದು ಸರಿಯಾದದ್ದನ್ನು ಅವರೇ ಆರಿಸಿಕೊಳ್ಳಲಿ ಎನ್ನುವ ಲೆಕ್ಕಾಚಾರ ನಡೆಯುವುದಿಲ್ಲ.

ದಿನಗಳ ಹಂಚಿಕೆಯನ್ನು ನಾನು ಇಲ್ಲಿಂದ ಮಾಡಿಕೊಟ್ಟರೆ ಅದು ನಿನ್ನ ಬಸ್ಸಿನ ವೇಳೆಗೆ ಹೊಂದುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೊದಲ ಎರಡು ವಾರ ಲೆಕ್ಕದ ಮೂರು ಅಧ್ಯಾಯಗಳು, ಗಣಿತದ ಕೈ ಇರುವುದರಿಂದ ಬೇಗ ಫಲ ಕಂಡು ಧೈರ್ಯ ಬರುತ್ತದೆ. ಆಮೇಲಿನ ಎರಡೂವರೆ ವಾರ ಸಾವಯವ, ಜೊತೆಗೆ ಪ್ರಾಯೋಗಿಕ. ಉಳಿದ ದಿನಗಳಲ್ಲಿ ಡಿ-ಬ್ಲಾಕ್, ಸಮನ್ವಯ ಸಂಯುಕ್ತಗಳು, ಜೈವಿಕ ಅಣುಗಳು. ಪ್ರತಿ ಭಾನುವಾರ ಒಂದು ಮಾದರಿ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಎದುರಿಟ್ಟುಕೊಂಡು ಪೂರ್ತಿ ಬರೆ, ಅದೇ ಮೂರು ಬಣ್ಣಗಳಲ್ಲಿ ತಿದ್ದು. ಎಲ್ಲೋ ಎಡವಿದರೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ರಾತ್ರಿ ನಿದ್ದೆ ಬಾರದಾಗ ನೆನೆಸಿಕೋ, ಹಗಲಿನಲ್ಲಿ ಬೇಡ.

ಇವತ್ತು ರಾತ್ರಿ ಆ ಉತ್ತರಪತ್ರಿಕೆಗೆ ಬಣ್ಣ ಹಾಕು. 39ರಲ್ಲಿ ಕೆಂಪೆಷ್ಟು, ನೀಲಿಯೆಷ್ಟು, ಹಸಿರೆಷ್ಟು ಎಂದು ನನಗೆ ಬರೆದು ತಿಳಿಸು. ಕೆಂಪು ಹದಿನೈದಕ್ಕಿಂತ ಹೆಚ್ಚಿದ್ದರೆ ಯಾವ ಅಧ್ಯಾಯದ್ದೆಂದು ಬಿಡಿಸಿ ಬರೆ, ಆಗ ಮೇಲಿನ ವಾರಗಳ ಲೆಕ್ಕವನ್ನು ಬದಲಿಸೋಣ.